ಟಂಬ್ಲರ್ ಗುಂಯ್‌ಗುಡುತ್ತದೆ, ಬೋಲ್ಟಿನ ತುಕ್ಕು ಮಾತ್ರ ಹಾಗೇ ಇದೆ: ಹಳೇ ಕಾರಿನ ಚಿಕ್ಕ ಭಾಗ ತೊಳೆಯುವಾಗ ಏನು ಕೆಟ್ಟಿದೆ ಅಂತ ಹುಡುಕುವ ಬಗೆ

ನಮ್ಮಪ್ಪನ ಪ್ರೀಮಿಯರ್ ಪದ್ಮಿನಿಯನ್ನು ಬಿಚ್ಚಿದಾಗ ನಟ್ಟು, ಬೋಲ್ಟು, ವಾಷರ್, ಕ್ಲಿಪ್ಪು, ಬಾಗಿಲಿನ ತಿರುಗಣೆ ಅಂತ ಮೂರು ಪೇಂಟ್ ಡಬ್ಬಿ ತುಂಬಿದವು. ಎಲ್ಲಕ್ಕೂ ಗ್ರೀಸು, ಧೂಳು, ತುಕ್ಕು. ಮೊದಲ ಡಬ್ಬಿಯ ಅರ್ಧ ವೈರ್ ಬ್ರಷ್ಷಿನಲ್ಲಿ ತಿಕ್ಕುವಷ್ಟರಲ್ಲಿ ಬೆರಳ ತುದಿಯ ಚರ್ಮ ಕಿತ್ತುಬಂತು. ಆಮೇಲೆ ವೈಬ್ರೇಟರಿ ಟಂಬ್ಲರ್ ತಂದೆ. ಟಂಬ್ಲರ್ ತಂದೆ ಅಂದರೆ ಅಮ್ಮ, "ಮನೇಲಿರೋ ಲೋಟ ಸಾಲದೇನೋ?" ಅಂದರು.

ಮೆಷಿನ್ ಸರಳ. ಒಂದು ಪ್ಲಾಸ್ಟಿಕ್ ಬೌಲ್, ಅದರ ನಡುವೆ ಕಂಬ, ಕೆಳಗೆ ಸ್ಪ್ರಿಂಗುಗಳು, ಅಡಿಯಲ್ಲಿ ಮೋಟರ್. ಮೋಟರಿನ ಶಾಫ್ಟಿಗೆ ಒಂದೇ ಪಕ್ಕಕ್ಕೆ ಭಾರ ಬೀಳುವ ಹಾಗೆ ತೂಕದ ಬಿಲ್ಲೆ ಕೂರಿಸಿರುತ್ತಾರೆ. ಅದು ತಿರುಗಿದರೆ ಬೌಲ್ ಗಡಗಡ ನಡುಗುತ್ತದೆ, ಒಳಗಿನ ಕಲ್ಲಿನ ಚೂರು ಮತ್ತು ಬೋಲ್ಟು ಒಂದಕ್ಕೊಂದು ಉಜ್ಜಿಕೊಳ್ಳುತ್ತಾ ಉರುಳುತ್ತವೆ. ಈ ಚೂರುಗಳಿಗೆ ಮೀಡಿಯಾ ಅಂತಾರೆ. ನಾನು ಕಲ್ಲು ಅಂತಲೇ ಬರೆಯುತ್ತೇನೆ.

ನನ್ನ ಅನುಭವದಲ್ಲಿ ದೋಷ ಮೆಷಿನ್ನಿಗಿಂತ ಬೌಲಿನ ಒಳಗೇ ಜಾಸ್ತಿ. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಒಂದು ಹಿತ್ತಾಳೆ ನಟ್ಟು ಹುಡುಕಿ. ಹಳೇ ಕಾರುಗಳ ಸೈಲೆನ್ಸರ್ ಕಡೆಯ ಮ್ಯಾನಿಫೋಲ್ಡಿನಲ್ಲಿ ಇರುತ್ತದೆ. ಅದನ್ನು ಓಡುತ್ತಿರುವ ಬೌಲಿನ ಮೇಲೆ ಹಾಕಿ ನೋಡುತ್ತಾ ನಿಲ್ಲಿ. ಒಂದು ಕಡೆ ಮುಳುಗಿ ಇನ್ನೊಂದು ಕಡೆ ಏಳಬೇಕು. ನನ್ನ ಮೆಷಿನ್ನಿನಲ್ಲಿ ಎಲ್ಲಾ ಸರಿ ಇದ್ದರೆ ಸುಮಾರು ಇಪ್ಪತ್ತು ಸೆಕೆಂಡಿಗೆ ಆ ಹಳದಿ ತಲೆ ಮತ್ತೆ ಕಾಣುತ್ತದೆ. ನಿಮ್ಮದಕ್ಕೆ ಎಷ್ಟು ಅಂತ ಮೆಷಿನ್ ಚೆನ್ನಾಗಿರುವಾಗಲೇ ಎಣಿಸಿ ಬರೆದಿಡಿ. ಮುಂದೆ ಹಿತ್ತಾಳೆ ನಟ್ಟು ಅಂತ ಬರೆದ ಕಡೆಯೆಲ್ಲ ಹೇಳುತ್ತಿರುವುದು ಇದನ್ನೇ.

ಮೊದಲು: ಇವು ಬೌಲಿಗೆ ಬೇಡ

ಬ್ರೇಕ್ ಶೂ, ಕ್ಲಚ್ ಪ್ಲೇಟ್ ಹಾಕಲೇಬೇಡಿ. ಹಳೆಯವುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ.

ಹಳೇ ಪೇಂಟ್ ಇರುವ ಭಾಗ ಮತ್ತು ಎಂಜಿನ್ ಒಳಗಿನ ಮಸಿ ಹಿಡಿದ ಭಾಗಗಳನ್ನು ಒಣ ಪುಡಿಯಲ್ಲಿ (ಕಲ್ಲಿನ ಬದಲು ಹಾಕುವ ಅಕ್ರೋಟು ಚಿಪ್ಪಿನ ಪುಡಿಯಂಥದ್ದು) ಓಡಿಸಬೇಡಿ. ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಪೂರ್ತಿ ನಿಂತಿದ್ದು 2000ದಲ್ಲಿ. ಅದಕ್ಕಿಂತ ಹಿಂದೆ ಓಡಿದ ಎಂಜಿನ್ನಿನ ಮಸಿಯಲ್ಲಿ ಸೀಸ ಇದೆ ಅಂತಲೇ ಅಂದುಕೊಳ್ಳಿ. ಹಳದಿ ಛಾಯೆಯ ಪ್ಲೇಟಿಂಗ್ ಇರುವ ಹಳೇ ಬೋಲ್ಟುಗಳಲ್ಲಿ ಕ್ಯಾಡ್ಮಿಯಂ ಇರಬಹುದು, ಅದೂ ವಿಷವೇ. ಇಂಥವನ್ನು ನೀರಿನಲ್ಲೇ ತೊಳೆಯಿರಿ, ಗ್ಲೌಸ್ ಹಾಕಿ, ಮಕ್ಕಳು ಆಡುವ ಜಾಗದಿಂದ ದೂರ.

ಬೇರಿಂಗ್, ಕಾರ್ಬ್ಯುರೇಟರ್ ಜೆಟ್, ಬ್ರೇಕ್ ಸಿಲಿಂಡರ್, ಕ್ರೋಮ್ ಮಾಡಿದ ತುಂಡು ಕೂಡ ಬೇಡ. ಪೆಟ್ರೋಲನ್ನು ಅಳೆದು ಬಿಡುವ ಜೆಟ್ಟಿನ ತೂತು ಕೂದಲೆಳೆಯಷ್ಟು ಸವೆದರೂ ಗಾಡಿಯ ಮೈಲೇಜ್ ಲೆಕ್ಕ ತಪ್ಪುತ್ತದೆ. ಅದಕ್ಕೆ ಕಾರ್ಬ್ ಕ್ಲೀನರ್ ಸ್ಪ್ರೇ ಸಾಕು.

ಇನ್ನೊಂದು. ಸೀಮೆಎಣ್ಣೆ, ಪೆಟ್ರೋಲ್ ಹನಿಯುವ ಭಾಗವನ್ನು ಒರೆಸದೆ ಬೌಲಿಗೆ ಹಾಕಬೇಡಿ. ಪೂರ್ತಿ ಆರಬೇಕು. ಪ್ಲಾಸ್ಟಿಕ್ ಬೌಲ್, ಒಣ ಪುಡಿ, ಬಿಸಿ ಮೋಟರ್, ಪೆಟ್ರೋಲ್ ಹಬೆ, ನಾಲ್ಕೂ ಒಂದೇ ಕಡೆ ಸೇರಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಸ್ವಿಚ್ ಹಾಕಿದರೆ ಸದ್ದೇ ಇಲ್ಲ

ಪ್ಲಗ್ ಪಾಯಿಂಟಿಗೆ ಬೇರೆ ಏನಾದರೂ ಹಾಕಿ ನೋಡಿ. ಮೊಬೈಲ್ ಚಾರ್ಜರ್ ಆದರೂ ಸರಿ. ಪಾಯಿಂಟ್ ಸರಿ ಇದ್ದರೆ ಎಕ್ಸ್‌ಟೆನ್ಶನ್ ಬೋರ್ಡ್ ಬಿಟ್ಟು ನೇರ ಗೋಡೆಗೆ ಹಾಕಿ. ಫ್ಯೂಸ್ ನೋಡಿ. ವೈರು ಮೆಷಿನ್ ಒಳಗೆ ಹೋಗುವ ಜಾಗದಲ್ಲಿ ಬಗ್ಗಿಸಿ ನೋಡಿ, ಆದರೆ ಪ್ಲಗ್ ಕಿತ್ತ ಮೇಲೆ. ಸದಾ ನಡುಗುವ ಮೆಷಿನ್ನಿನಲ್ಲಿ ವೈರು ಒಳಗೊಳಗೇ ತುಂಡಾಗುವುದು ಅಲ್ಲೇ.

ಮೊದಲು ಓಡುತ್ತಿತ್ತು, ಒಂದೆರಡು ಗಂಟೆ ಆದ ಮೇಲೆ ತಾನಾಗೇ ನಿಂತಿತು ಅಂದರೆ ಗಾಬರಿ ಬೇಡ. ಸುಮಾರು ಮೋಟರುಗಳಲ್ಲಿ ಬಿಸಿ ಜಾಸ್ತಿಯಾದರೆ ಕರೆಂಟ್ ಕಡಿಯುವ ಚಿಕ್ಕ ಸ್ವಿಚ್ ಇರುತ್ತದೆ. ತಣ್ಣಗಾದ ಮೇಲೆ ತಾನೇ ಮತ್ತೆ ಶುರುವಾಗುತ್ತದೆ, ಅದಕ್ಕೇ ಪ್ಲಗ್ ಕೀಳದೆ ಕೆಳಗೆ ಕೈ ಹಾಕಬೇಡಿ. ಮುಕ್ಕಾಲು ಗಂಟೆ ಬಿಟ್ಟು ಬೌಲ್ ಖಾಲಿ ಮಾಡಿ ಓಡಿಸಿ. ಖಾಲಿ ಇದ್ದಾಗ ನಿಲ್ಲದೆ ಓಡಿದರೆ ಮೋಟರ್ ಸರಿ ಇದೆ, ನೀವು ಹೊರೆ ಜಾಸ್ತಿ ಹಾಕಿದ್ದೀರಿ.

ಗುಂಯ್ ಅನ್ನುತ್ತದೆ, ನಡುಗುವುದಿಲ್ಲ

ಹೀಗೆ ಗುಂಯ್ ಅನ್ನುತ್ತಾ ನಿಂತ ಮೋಟರ್ ನಿಮಿಷಗಳಲ್ಲಿ ಸುಡುತ್ತದೆ. ಮೊದಲು ಆಫ್ ಮಾಡಿ.

ಆಮೇಲೆ ಬೌಲ್ ಖಾಲಿ ಮಾಡಿ ಮತ್ತೆ ಹಾಕಿ. ಓಡಿದರೆ ಹೊರೆಯದ್ದೇ ತಪ್ಪು. ಓಡದಿದ್ದರೆ ಪ್ಲಗ್ ಕಿತ್ತು, ಕೆಳಗಿನ ಮುಚ್ಚಳ ಬಿಚ್ಚಿ ತೂಕದ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸಿ. ಸಲೀಸಾಗಿ ತಿರುಗಬೇಕು. ನನಗೆ ಒಮ್ಮೆ ಕೆಳಗೆ ಬಿದ್ದ ಒಂದು ಕಲ್ಲು ಬಿಲ್ಲೆಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಇಕ್ಕಳದಲ್ಲಿ ತೆಗೆದೆ, ಮುಗೀತು. ಗರಗರ ಅಂತ ತಿರುಗಿದರೆ ಅಥವಾ ತಿರುಗದೇ ಇದ್ದರೆ ಬೇರಿಂಗ್ ಹೋಗಿದೆ.

ಸಲೀಸಾಗಿ ತಿರುಗುತ್ತದೆ, ಆದರೂ ಕರೆಂಟ್ ಕೊಟ್ಟರೆ ಬರೀ ಗುಂಯ್ ಅನ್ನುತ್ತದೆ ಅಂದರೆ ವೋಲ್ಟೇಜ್ ನೋಡಿ. ಮಲ್ಟಿಮೀಟರ್ ಇದ್ದರೆ ಮೆಷಿನ್ ಆನ್ ಇರುವಾಗ ಬೋರ್ಡಿನ ಪಕ್ಕದ ಪಾಯಿಂಟಿನಲ್ಲಿ ಅಳೆಯಿರಿ. 230 ಇರಬೇಕಾದ ಕಡೆ 180 ಇದ್ದರೆ ಇಂಥ ಮೋಟರಿನ ಬಲ ಶೇ. 60ಕ್ಕೆ ಇಳಿದಿರುತ್ತದೆ, ಯಾಕೆಂದರೆ ವೋಲ್ಟೇಜ್ ಇಳಿದ ಹಾಗೆ ಬಲ ಅದರ ವರ್ಗದ (ಅದನ್ನು ಅದರಿಂದಲೇ ಗುಣಿಸಿದ) ಲೆಕ್ಕದಲ್ಲಿ ಇಳಿಯುತ್ತದೆ. ಊರ ಕಡೆ ಸಂಜೆ ಪಂಪ್‌ಸೆಟ್ಟೆಲ್ಲ ಓಡುವಾಗ ಇದು ಮಾಮೂಲಿ. ಬೆಳಗ್ಗೆ ಓಡಿಸಿ ನೋಡಿ. ತೆಳು ವೈರಿನ ಉದ್ದ ಎಕ್ಸ್‌ಟೆನ್ಶನ್, ಅದರಲ್ಲೂ ಸುರುಳಿ ಸುತ್ತಿಟ್ಟಿದ್ದು, ಇದೇ ಕಾಟ ಕೊಡುತ್ತದೆ. ಹಳೇ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಂತೂ ಓಡಿಸಲೇಬೇಡಿ.

ದೊಡ್ಡ ಮೆಷಿನ್ನುಗಳಲ್ಲಿ ಮೋಟರ್ ಶುರುವಾಗಲು ನೂಕು ಕೊಡುವ ಕೆಪಾಸಿಟರ್ ಇರುತ್ತದೆ, ಅದು ಕೆಟ್ಟರೂ ಹೀಗೇ. ಸೀಲಿಂಗ್ ಫ್ಯಾನ್ ಸ್ವಿಚ್ ಹಾಕಿದಾಗ ಸುಮ್ನೆ ನಿಂತಿದ್ದು ಕೋಲಿನಿಂದ ತಳ್ಳಿದರೆ ತಿರುಗುತ್ತದಲ್ಲ, ಅದೇ ಕಾಯಿಲೆ. ಆದರೆ ಇಲ್ಲಿ ಕೋಲು, ಕೈ ಎರಡೂ ಬೇಡ. ಉಬ್ಬಿದ ಕೆಪಾಸಿಟರ್ ಅಂದರೆ ಹೋಗಿದೆ ಅಂತಲೇ. ಮೈಯ ಮೇಲೆ ಬರೆದಿರುವ ಅದೇ ಅಳತೆಯದ್ದನ್ನು ತಂದು ಹಾಕಿಸಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಉಳಿದಿರುತ್ತದೆ. ಅಭ್ಯಾಸ ಇಲ್ಲದವರು ಅದರ ತುದಿ ಮುಟ್ಟಬೇಡಿ, ಫ್ಯಾನ್ ರಿಪೇರಿಯವರ ಹತ್ತಿರ ಕೊಡಿ.

ಜೋರಾಗಿ ನಡುಗುತ್ತದೆ, ಒಳಗಿರುವುದು ಉರುಳುತ್ತಿಲ್ಲ

ಅತಿ ಹೆಚ್ಚು ಜನಕ್ಕೆ ಬರುವ ತೊಂದರೆ ಇದು, ಅತಿ ಹೆಚ್ಚು ಜನ ಮೋಟರನ್ನು ಸುಮ್ನೆ ಬಿಚ್ಚುವುದೂ ಇದಕ್ಕೇ. ಹಿತ್ತಾಳೆ ನಟ್ಟು ಹಾಕಿ. ಅದು ಮೇಲೇ ಕುಳಿತು ಕುಣಿಯುತ್ತಿದ್ದರೆ ಈ ಕೆಳಗಿನವನ್ನು ಒಂದೊಂದಾಗಿ ನೋಡಿ.

ಮೊದಲು ಎಷ್ಟು ತುಂಬಿದ್ದೀರಿ? ಕಲ್ಲು, ಭಾಗ ಎಲ್ಲ ಸೇರಿ ಬೌಲಿನ ಮುಕ್ಕಾಲು ಇರಬೇಕು. ಕಂಠಪೂರ್ತಿ ತುಂಬಿದರೆ ಉರುಳಲು ಜಾಗ ಇಲ್ಲ. ಅರ್ಧಕ್ಕಿಂತ ಕಡಿಮೆ ಇದ್ದರೂ ಉರುಳುವುದಿಲ್ಲ, ಎಲ್ಲಾ ತಳದಲ್ಲಿ ಕುಣಿಯುತ್ತಿರುತ್ತವೆ ಅಷ್ಟೇ. ಅದರಲ್ಲಿ ಬೋಲ್ಟು ಒಂದು ಪಾವಾದರೆ ಕಲ್ಲು ಮೂರು ಪಾವಾದರೂ ಇರಲಿ. ಅಲ್ಯೂಮಿನಿಯಂ, ಹಿತ್ತಾಳೆಯಂಥ ಮೆತ್ತನೆ ಲೋಹವಾದರೆ ಐದು ಪಾವು.

ಆಮೇಲೆ ನೀರು. ಇದು ಹದದ ವಿಷಯ, ಬರೆದು ಹೇಳುವುದು ಕಷ್ಟ, ಆದರೂ ಹೇಳುತ್ತೇನೆ. ಕಲ್ಲುಗಳು ಒದ್ದೆಯಾಗಿ ಮಿನುಗಬೇಕು, ತಳದಲ್ಲಿ ನೀರು ನಿಲ್ಲಬಾರದು. ನೀರು ಜಾಸ್ತಿಯಾದರೆ ಕಲ್ಲಿಗೂ ಬೋಲ್ಟಿಗೂ ನಡುವೆ ನೀರೇ ದಿಂಬಿನ ಹಾಗೆ ಕೂತು ಉಜ್ಜುವುದು ನಿಲ್ಲುತ್ತದೆ, ಚಳಪಳ ಸದ್ದು ಬರುತ್ತದೆ. ಕಡಿಮೆಯಾದರೆ ತುಕ್ಕಿನ ಪುಡಿ, ಗ್ರೀಸು, ಕಲ್ಲಿನ ಹಿಟ್ಟು ಸೇರಿ ಗಟ್ಟಿಯಾಗಿ ಎಲ್ಲಾ ಒಂದೇ ಉಂಡೆ, ರಾಗಿ ಮುದ್ದೆ ಕಟ್ಟಿದ ಹಾಗೆ. ನಾನು ಮೊದಲ ಸಲ ಒಂದು ರಾತ್ರಿ ಓಡಿಸಿ ಬೆಳಗ್ಗೆ ಮುಚ್ಚಳ ತೆಗೆದಾಗ ಒಳಗೆ ಇದ್ದಿದ್ದು ಹೀಗೆ: ಕಂಬದ ಸುತ್ತ ಕಪ್ಪು ಮುದ್ದೆ, ಅದರಿಂದ ಹೊರಗೆ ಇಣುಕುತ್ತಿದ್ದ ಬೋಲ್ಟಿನ ತಲೆಗಳು, ಅದರ ಮೇಲೆ ನಾನು ಬೆರಳಿಟ್ಟರೆ ಬೆರಳಚ್ಚು ಮೂಡುತ್ತಿತ್ತು. ಮೆಷಿನ್ ಪಾಪ ರಾತ್ರಿಯೆಲ್ಲ ಆ ಮುದ್ದೆಯನ್ನು ಹೊತ್ತುಕೊಂಡು ನಡುಗಿದೆ. ತೊಳೆದು, ಹೊಸ ನೀರು ಹಾಕಿ ಓಡಿಸಿದಾಗ ಮೂರೇ ಗಂಟೆಯಲ್ಲಿ ಕೆಲಸ ಆಯಿತು.

ಈ ಮುದ್ದೆಗೆ ಮೂಲ ಕಾರಣ ಗ್ರೀಸು. ಟಂಬ್ಲರ್ ಗ್ರೀಸ್ ತೆಗೆಯುವ ಮೆಷಿನ್ ಅಲ್ಲ. ಮೊದಲು ಡೀಸೆಲ್‌ನಲ್ಲಿ ನೆನೆಸಿ ಬ್ರಷ್ ಹೊಡೆದು, ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಬೌಲಿಗೆ. ಈ ಅರ್ಧ ಗಂಟೆ ಉಳಿಸಲು ಹೋದವರು ಕಲ್ಲು ತೊಳೆಯುತ್ತಾ ಅರ್ಧ ದಿನ ಕಳೆಯುತ್ತಾರೆ.

ಮುಚ್ಚಳದ ಸಂದಿಯಿಂದ ನೊರೆ ಉಕ್ಕುತ್ತಿದೆಯಾ? ಪಾತ್ರೆ ತೊಳೆಯುವ ಲಿಕ್ವಿಡ್ ಜಾಸ್ತಿ ಹಾಕಿದ್ದೀರಿ. ಚಿಕ್ಕ ಬೌಲಿಗೆ ಒಂದು ಟೀ ಚಮಚ ಸಾಕು. ನೊರೆಯೂ ದಿಂಬೇ, ಜೊತೆಗೆ ಕೆಳಗೆ ಮೋಟರಿಗೆ ಇಳಿಯುತ್ತದೆ.

ಇಷ್ಟೆಲ್ಲ ಸರಿ ಇದ್ದೂ ಉರುಳುತ್ತಿಲ್ಲ ಅಂದರೆ ಈಗ ಮೆಷಿನ್ ಕಡೆ ಬನ್ನಿ. ನಡುಕಂಬದ ನಟ್ಟು ಸಡಿಲವಾಗಿದೆಯಾ, ಬೌಲನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಮೋಟರಿಗೆ ಬಿಗಿಯಾಗಿ ಅಂಟಿಕೊಂಡಿರಬೇಕು. ಸ್ಪ್ರಿಂಗು ಒಂದು ಮುರಿದರೆ ಕಲ್ಲೆಲ್ಲ ಒಂದೇ ಪಕ್ಕಕ್ಕೆ ಗುಡ್ಡೆಯಾಗುತ್ತದೆ. ನೆಲ ಓರೆಯಿದ್ದರೂ ಹಾಗೇ. ಹಳೇ ಹಾಸಿಗೆಯ ಫೋಮ್ ಮೇಲೆ ಇಟ್ಟಿದ್ದರೆ ತೆಗೆದುಬಿಡಿ. ಅಕ್ಕಪಕ್ಕದವರಿಗೆ ಸದ್ದು ಕೇಳಬಾರದು ಅಂತ ಇಟ್ಟಿರುತ್ತೀರಿ, ಗೊತ್ತು, ಆದರೆ ನಡುಕವನ್ನೂ ಅದೇ ನುಂಗುತ್ತದೆ. ತೆಳು ರಬ್ಬರ್ ಮ್ಯಾಟ್ ಸಾಕು.

ಅಮೆರಿಕದಿಂದ ಬಂದ ಮೆಷಿನ್, ಅಲ್ಲಿ ಚೆನ್ನಾಗಿತ್ತು, ಇಲ್ಲಿ ಸೊರಗಿದೆ

ಅಣ್ಣನೋ ಭಾವನೋ ಅಲ್ಲಿಂದ ಬರುವಾಗ ಸೂಟ್‌ಕೇಸಿನಲ್ಲಿ ತಂದಿರುತ್ತಾರೆ. ಹಿಂದೆ ಅಂಟಿಸಿದ ತಗಡು ಓದಿ. 120 ವೋಲ್ಟ್, 60 ಹರ್ಟ್ಸ್ ಅಂತ ಇದ್ದರೆ ನಮ್ಮ ಗೋಡೆಗೆ ನೇರ ಹಾಕಿದ ಕ್ಷಣವೇ ಸುಡುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಇದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿಲ್ಲದ್ದು ಮುಂದಿನದು.

ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ (ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿಯುತ್ತದೆ ಅನ್ನುವ ಲೆಕ್ಕ) ಬದಲಿಸುವುದಿಲ್ಲ. ನಮ್ಮ ಕರೆಂಟ್ 50 ಹರ್ಟ್ಸ್. ಈ ಮೋಟರಿನ ವೇಗ ನಿಂತಿರುವುದು ಅದರ ಮೇಲೆ. ಆರು ಸುತ್ತು ಸುತ್ತಬೇಕಾದ ಕಡೆ ಐದೇ ಸುತ್ತುತ್ತದೆ. ನಡುಕದ ಬಲ ವೇಗದ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಸುಮಾರು ಶೇ. 30ರಷ್ಟು ಬಲ ಹೋಯಿತು. ಜೊತೆಗೆ ಅದೇ ವೋಲ್ಟೇಜಿಗೆ ಕಡಿಮೆ ಹರ್ಟ್ಸ್ ಕೊಟ್ಟರೆ ಮೋಟರ್ ಜಾಸ್ತಿ ಕರೆಂಟ್ ಎಳೆದು ಜಾಸ್ತಿ ಬಿಸಿಯಾಗುತ್ತದೆ. ಇದು ರಿಪೇರಿ ಮಾಡುವ ದೋಷ ಅಲ್ಲ, ಅದರ ಜೊತೆ ಬಾಳಬೇಕು: ಹೊರೆ ಮೂರನೇ ಒಂದು ಭಾಗ ಕಡಿಮೆ ಮಾಡಿ, 120ರ ಬದಲು 100 ಅಥವಾ 110 ವೋಲ್ಟ್ ಕೊಡುವ ಟ್ರಾನ್ಸ್‌ಫಾರ್ಮರ್ ಹಾಕಿ, ಒಂದು ಗಂಟೆ ಓಡಿಸಿ ಅರ್ಧ ಗಂಟೆ ಬಿಡಿ, ಟೇಬಲ್ ಫ್ಯಾನ್ ಪಕ್ಕಕ್ಕಿಡಿ. ಹೊಸದಾಗಿ ಕೊಳ್ಳುವವರು 230 ವೋಲ್ಟ್, 50 ಹರ್ಟ್ಸಿನದ್ದೇ ಕೊಳ್ಳಿ.

ಚೆನ್ನಾಗಿ ಉರುಳುತ್ತದೆ, ಎಂಟು ಗಂಟೆಯಾದರೂ ತುಕ್ಕು ಹಾಗೇ ಇದೆ

ಬೌಲಿನಲ್ಲಿ ಏನು ಹಾಕಿದ್ದೀರಿ? ಅಕ್ರೋಟು ಚಿಪ್ಪಿನ ಪುಡಿ, ಮೆಕ್ಕೆಜೋಳದ ದಿಂಡಿನ ಪುಡಿ ಹೊಳಪು ಕೊಡಲು ಮತ್ತು ಒಣಗಿಸಲು ಇರುವುದು. ತುಕ್ಕಿಗೆ ಅವು ಸಾಲುವುದಿಲ್ಲ. ಕಬ್ಬಿಣದ ತುಕ್ಕಿಗೆ ಸೆರಾಮಿಕ್ ತ್ರಿಕೋನ ಕಲ್ಲು, ಅಲ್ಯೂಮಿನಿಯಂಗೆ ಪ್ಲಾಸ್ಟಿಕ್ ಗೋಪುರದಂಥದ್ದು. ಹೊಳೆ ಮರಳು ಹಾಕಬಹುದಾ ಅಂತ ಕೇಳುವವರು ಇರುತ್ತಾರೆ. ಬೇಡ. ಒಣಗಿದ ಮೇಲೆ ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮೇಲಿಂದ ಪ್ರತಿ ತೂತಿನಲ್ಲೂ ಸೇರಿಕೊಂಡು ಮುಂದೆ ಎಂಜಿನ್ನಿಗೆ ಹೋಗುತ್ತದೆ.

ಸರಿಯಾದ ಕಲ್ಲೇ ಇದ್ದರೆ ಒಂದನ್ನು ತೊಳೆದು ಹೆಬ್ಬೆರಳಿನಿಂದ ಸವರಿ. ಹೊಸ ಕಲ್ಲು ಎಮರಿ ಪೇಪರಿನ ಹಾಗೆ ಹಿಡಿಯುತ್ತದೆ. ಹೊಳೆಯಲ್ಲಿ ಬಿದ್ದ ಗುಂಡುಕಲ್ಲಿನ ಹಾಗೆ ಜಾರಿದರೆ ಅದರ ಮೇಲೆ ಲೋಹ, ಎಣ್ಣೆ ಪದರ ಕೂತಿದೆ. ಭಾಗಗಳನ್ನೆಲ್ಲ ತೆಗೆದು ಬರೀ ಕಲ್ಲು, ನೀರು, ಸೋಪು ಹಾಕಿ ಒಂದು ಗಂಟೆ ಓಡಿಸಿ, ನೀರು ಚೆಲ್ಲಿ, ಮತ್ತೆ ಓಡಿಸಿ. ನೀರು ತಿಳಿಯಾಗುವ ತನಕ. ಆಗಲೂ ಜಾರಿದರೆ ಕಲ್ಲು ಪಾಲಿಶ್ ಮಾಡುವವರು ಬಳಸುವ ಸಿಲಿಕಾನ್ ಕಾರ್ಬೈಡ್ ಪುಡಿ ಎರಡು ಚಮಚ ಹಾಕಿ ಓಡಿಸಿದರೆ ಮೇಲ್ಮೈ ಮತ್ತೆ ಒರಟಾಗುತ್ತದೆ.

ಕಲ್ಲೂ ಸರಿ ಇದ್ದರೆ ತುಕ್ಕನ್ನೇ ನೋಡಿ. ಉಗುರಲ್ಲಿ ಕೆರೆದರೆ ಪುಡಿ ಬರುವ ತುಕ್ಕು ಟಂಬ್ಲರ್‌ಗೆ ಹೋಗುತ್ತದೆ. ಪದರ ಪದರವಾಗಿ ಏಳುವ, ಗುಳಿ ಬಿದ್ದ ತುಕ್ಕು ಹೋಗುವುದಿಲ್ಲ. ಗುಳಿಯ ತಳಕ್ಕೆ ಕಲ್ಲು ಮುಟ್ಟುವುದೇ ಇಲ್ಲವಲ್ಲ. ಅಂಥದ್ದಕ್ಕೆ ಮೊದಲು ಸಿಟ್ರಿಕ್ ಆಸಿಡ್. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿ. ಲೀಟರ್ ನೀರಿಗೆ 50 ಗ್ರಾಂ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದು ರಾತ್ರಿ. ಬೆಳಗ್ಗೆ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಅದ್ದಿ ತೊಳೆದು ಟಂಬ್ಲರ್‌ಗೆ ಹಾಕಿ. ಆದರೆ ಸ್ಟೀರಿಂಗ್, ಬ್ರೇಕ್, ಕನೆಕ್ಟಿಂಗ್ ರಾಡ್ ಬೋಲ್ಟುಗಳನ್ನು, ತಲೆಯ ಮೇಲೆ 10.9 ಅಥವಾ 12.9 ಅಂತ ಬರೆದಿರುವವನ್ನು, ಸ್ಪ್ರಿಂಗುಗಳನ್ನು ಆಸಿಡ್‌ಗೆ ಹಾಕಬೇಡಿ. ಗಟ್ಟಿ ಉಕ್ಕಿನ ಒಳಗೆ ಹೈಡ್ರೋಜನ್ ಸೇರಿ ಪೆಡಸಾಗುತ್ತದೆ, ಮುಂದೊಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ಅವು ಗುಳಿ ಬಿದ್ದಿದ್ದರೆ ಹೊಸದು ತನ್ನಿ, ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಒಂದು ಮಧ್ಯಾಹ್ನ ಅಲೆದರೂ ಪರವಾಗಿಲ್ಲ.

ತೆಗೆದಾಗ ಹೊಳೆಯುತ್ತಿತ್ತು, ಕಾಫಿ ಕುಡಿದು ಬರುವಷ್ಟರಲ್ಲಿ ಕಂದು

ಮೈಮೇಲೆ ಏನೂ ಇಲ್ಲದ ಕಬ್ಬಿಣ, ಮೇಲೆ ನೀರು, ಸುತ್ತ ಗಾಳಿ. ತುಕ್ಕು ಹಿಡಿಯದೆ ಇನ್ನೇನಾಗುತ್ತದೆ? ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆಯವರಿಗೆ ಇದು ನಿಮಿಷಗಳ ಲೆಕ್ಕ.

ಮೊದಲು ನೀರು ಯಾವುದು ನೋಡಿ. ಆರ್‌ಒ ಫಿಲ್ಟರಿನಿಂದ ಹೊರಗೆ ಹೋಗುವ ನೀರನ್ನು ಉಳಿತಾಯ ಅಂತ ಇದಕ್ಕೆ ಬಳಸುವವರಿದ್ದಾರೆ. ನಾನೂ ಬಳಸಿದ್ದೆ. ಫಿಲ್ಟರ್ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ, ತುಕ್ಕಿಗೆ ಅದು ಹಬ್ಬದೂಟ. ಬೋರ್‌ವೆಲ್ ಗಡಸು ನೀರಾದರೆ ಒಣಗಿದ ಮೇಲೆ ಬಿಳಿ ಪೊರೆ ಉಳಿಯುತ್ತದೆ. ಕೊನೆಯ ತೊಳೆತಕ್ಕಾದರೂ ಮಳೆ ನೀರು ಹಿಡಿದಿಡಿ.

ನಾನು ಮಾಡುವುದು ಹೀಗೆ. ಬೌಲಿನಿಂದ ತೆಗೆದ ಕೂಡಲೇ ಜರಡಿಗೆ, ಮೇಲೆ ಕುದಿಯುವ ನೀರು. ಲೋಹ ಬಿಸಿಯಾದರೆ ತನ್ನ ಬಿಸಿಗೆ ತಾನೇ ಒಣಗುತ್ತದೆ. ಬೋಲ್ಟು ಬರೀ ಕಬ್ಬಿಣದ್ದಾದರೆ ಆ ನೀರಿಗೆ ಒಂದು ಚಿಟಿಕೆ ವಾಷಿಂಗ್ ಸೋಡಾ ಹಾಕಿದರೆ ತುಕ್ಕು ಇನ್ನಷ್ಟು ತಡೆಯುತ್ತದೆ. ಆಮೇಲೆ ಒಣ ಜೋಳದ ದಿಂಡಿನ ಪುಡಿಯಲ್ಲಿ ಇಪ್ಪತ್ತು ನಿಮಿಷ, ಕೊನೆಗೆ ಹೊಲಿಗೆ ಮೆಷಿನ್ ಎಣ್ಣೆ ಸವರಿದ ಬಟ್ಟೆಯಲ್ಲಿ ಉರುಳಿಸಿ ಡಬ್ಬಿಗೆ. ಪೇಂಟ್ ಮಾಡುವ ಭಾಗವಾದರೆ ಎಣ್ಣೆ ಬೇಡ, ಅವತ್ತೇ ಪ್ರೈಮರ್ ಹೊಡೆಯಿರಿ.

ಬಣ್ಣ ಬದಲಾಗಿದೆ: ಅಲ್ಯೂಮಿನಿಯಂ ಕಪ್ಪು, ಹಿತ್ತಾಳೆ ಗುಲಾಬಿ

ಅಲ್ಯೂಮಿನಿಯಂ ಕಪ್ಪಾದರೆ ಸೋಪು ಖಾರವಾಯಿತು. ಬಟ್ಟೆ ಸೋಪಿನ ಪುಡಿ, ವಾಷಿಂಗ್ ಸೋಡಾ ಅದಕ್ಕೆ ಆಗುವುದಿಲ್ಲ. ಮೇಲೆ ಕಬ್ಬಿಣಕ್ಕೆ ಸೋಡಾ ಹಾಕಿ ಅಂದಿದ್ದೆ, ಇಲ್ಲಿ ಬೇಡ ಅನ್ನುತ್ತಿದ್ದೇನೆ. ಅದಕ್ಕೇ ಎರಡನ್ನೂ ಒಟ್ಟಿಗೆ ಓಡಿಸಬಾರದು. ಬೂದು ಬಣ್ಣದ ಮಸಿ ಮಾತ್ರ ಕೈಗೆ ಹತ್ತುತ್ತಿದ್ದರೆ ಅದು ನೀರು ಬದಲಿಸದ ತಪ್ಪು. ಎರಡು ಗಂಟೆಗೊಮ್ಮೆ ಬದಲಿಸಿ.

ಹಿತ್ತಾಳೆ ಗುಲಾಬಿಯಾದರೆ ಆಸಿಡ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟಿದ್ದೀರಿ. ಹಬ್ಬಕ್ಕೆ ದೀಪ ಬೆಳಗುವಾಗ ಹುಣಸೆಹಣ್ಣು ಮೆತ್ತಿ ತೊಳೆಯದೆ ಮರೆತರೆ ಕೆಂಪು ಕಲೆ ಬೀಳುತ್ತದಲ್ಲ, ಅದೇ. ಮೇಲಿನ ಸತು ಹೋಗಿ ತಾಮ್ರ ಕಾಣುತ್ತಿದೆ. ತೆಳುವಾಗಿದ್ದರೆ ಜೋಳದ ಪುಡಿಯಲ್ಲಿ ಹೊಳಪು ಬರುತ್ತದೆ.

ಬೆಳ್ಳಗೋ ಹಳದಿಯಾಗೋ ಇದ್ದ ಬೋಲ್ಟು ಬರೀ ಬೂದು ಕಬ್ಬಿಣವಾಗಿ ಹೊರಬಂದರೆ ಪ್ಲೇಟಿಂಗ್ ಹೋಯಿತು. ಸೆರಾಮಿಕ್ ಕಲ್ಲು ಅದನ್ನು ಉಳಿಸುವುದಿಲ್ಲ. ಮತ್ತೆ ಸತುವಿನ ಪ್ಲೇಟಿಂಗ್ ಮಾಡಿಸಬೇಕು, ಬೇರೆ ದಾರಿ ಇಲ್ಲ.

ಥ್ರೆಡ್ ಜಜ್ಜಿದೆ, ತೂತಿನಲ್ಲಿ ಕಲ್ಲು ಕೂತಿದೆ

ಥ್ರೆಡ್ ಜಜ್ಜುವುದು ಕಲ್ಲಿನಿಂದಲ್ಲ, ಬೋಲ್ಟಿಗೆ ಬೋಲ್ಟು ಬಡಿದು. ಕಲ್ಲು ಕಡಿಮೆ, ಬೋಲ್ಟು ಜಾಸ್ತಿ, ಅಥವಾ ಒಂದು ದಪ್ಪ ಬ್ರಾಕೆಟ್ ಜೊತೆ ಚಿಕ್ಕ ಸ್ಕ್ರೂ ಹಾಕಿದ್ದೀರಿ. ಭಾರದವನ್ನು ಬೇರೆ ಓಡಿಸಿ. ಮುಖ್ಯವಾದ ಥ್ರೆಡ್ ಇದ್ದರೆ ಹಳೇ ನಟ್ಟು ತಿರುಗಿಸಿ ಹಾಕಿ. ಹಾಗೇ, ಎರಡು ಕಾರಿನ ಬೋಲ್ಟು ಬೆರೆಸಬೇಡಿ. ಪದ್ಮಿನಿ ಫಿಯೆಟ್ ಮೂಲದ್ದು, ಮಿಲಿಮೀಟರ್ ಲೆಕ್ಕ. ಅಂಬಾಸಿಡರ್ ಮೋರಿಸ್ ಮೂಲದ್ದು, ಇಂಚಿನ ಲೆಕ್ಕ. ತೊಳೆದು ಹೊಳೆಯುವಾಗ ಎರಡೂ ಒಂದೇ ಥರ ಕಾಣುತ್ತವೆ, ಜೋಡಿಸುವ ದಿನ ಅಳು ಬರುತ್ತದೆ.

ತೂತಿಗೆ ಕಲ್ಲು ಸಿಕ್ಕುವುದಕ್ಕೆ ಒಂದು ಲೆಕ್ಕ ಇದೆ. ಕಲ್ಲು ತೂತಿಗಿಂತ ದೊಡ್ಡದಿರಬೇಕು, ಇಲ್ಲವೇ ತೂತಿನ ಮೂರನೇ ಒಂದು ಭಾಗಕ್ಕಿಂತ ಚಿಕ್ಕದಿರಬೇಕು. ನಡುವಿನ ಅಳತೆಯಾದರೆ ಎರಡು ಕಲ್ಲು ಒಟ್ಟಿಗೆ ನುಗ್ಗಿ ಬೆಣೆ ಹೊಡೆದ ಹಾಗೆ ಕೂರುತ್ತವೆ. ನನ್ನ ಕಿಟಕಿ ಗಾಜು ಏರಿಸುವ ಹಲ್ಲುಚಕ್ರದ 8 ಮಿ.ಮೀ. ತೂತಿನಲ್ಲಿ ಹೀಗೇ ಆಯಿತು. 10 ಮಿ.ಮೀ. ಕಲ್ಲು ತಂದಿದ್ದೆ, ತೊಂದರೆ ಬರಬಾರದಿತ್ತು. ಆದರೆ ಕಲ್ಲೂ ಸವೆಯುತ್ತದಲ್ಲ, ಆರು ತಿಂಗಳಲ್ಲಿ ಕೆಲವು 6ಕ್ಕೆ ಇಳಿದಿದ್ದವು. ಈಗ ಆಗಾಗ ಜರಡಿ ಹಿಡಿದು ಚಿಕ್ಕವನ್ನು ಬೇರೆ ಡಬ್ಬಿಗೆ ಹಾಕುತ್ತೇನೆ. ಸಿಕ್ಕಿದ್ದನ್ನು ಸ್ಕ್ರೂಡ್ರೈವರ್‌ನಲ್ಲಿ ಮೀಟಬೇಡಿ, ತೂತಿನ ಅಂಚು ಹಾಳಾಗುತ್ತದೆ. ಬಿದಿರು ಕಡ್ಡಿ ಇಟ್ಟು ಹಿಂದಿನಿಂದ ಮೆಲ್ಲಗೆ ತಟ್ಟಿ. ಎಣ್ಣೆ ಹೋಗುವ ಉದ್ದ ತೂತಾದರೆ ಟಂಬ್ಲರ್‌ಗೆ ಹಾಕುವ ಮುಂಚೆಯೇ ರಬ್ಬರ್ ಬಿರಡೆ ಹಾಕಿ, ತೆಗೆದ ಮೇಲೆ ಟಾರ್ಚ್ ಬಿಟ್ಟು ನೋಡಿ.

ಕಟಕಟ ಸದ್ದು, ಸೋರಿಕೆ, ಸುಟ್ಟ ವಾಸನೆ

ಸದ್ದು ಬದಲಾದರೆ ಮೊದಲು ಸ್ಪ್ಯಾನರ್ ಹಿಡಿದು ಹೊರಗಿನ ನಟ್ಟುಗಳನ್ನೆಲ್ಲ ಬಿಗಿ ಮಾಡಿ. ನಡುಗುವ ಮೆಷಿನ್ ತನ್ನನ್ನು ತಾನೇ ಬಿಚ್ಚಿಕೊಳ್ಳುತ್ತದೆ. ಆಮೇಲೂ ಕೆಳಗಿನಿಂದ ಟಕ್ ಟಕ್ ಅಂದರೆ ತೂಕದ ಬಿಲ್ಲೆ ಸಡಿಲವಾಗಿದೆ, ಆ ಸ್ಥಿತಿಯಲ್ಲಿ ಓಡಿಸಬೇಡಿ. ಜೋರಾಗಿ ಸುತ್ತುವಾಗ ಕಳಚಿದರೆ ಅದು ಮುಚ್ಚಳ ಸೀಳಿಕೊಂಡು ಬರುತ್ತದೆ.

ಬೌಲಿನ ಕೆಳಗೆ ಒದ್ದೆ ಕಂಡರೆ ನಡುಕಂಬದ ವಾಷರ್ ನೋಡಿ, ಬದಲಿಸಲು ಹತ್ತಿಪ್ಪತ್ತು ರೂಪಾಯಿ. ಬೌಲೇ ಸೀಳಿದ್ದರೆ ಅಂಟು ಹಾಕಿ ನಂಬಬೇಡಿ. ನೀರು, ಕರೆಂಟ್ ಎರಡೂ ಒಂದೇ ಕಡೆ ಇರುವ ಮೆಷಿನ್ ಇದು. ಮೂರು ಪಿನ್ ಪ್ಲಗ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇಲ್ಲದೆ ನೀರು ಹಾಕಿ ಓಡಿಸಲೇಬೇಡಿ. ಆರ್‌ಸಿಸಿಬಿ ಬಿದ್ದರೆ ಮತ್ತೆ ಮತ್ತೆ ಎತ್ತಬೇಡಿ, ಅದು ನಿಮಗೆ ಏನೋ ಹೇಳುತ್ತಿದೆ.

ಬೌಲ್ ಮುಟ್ಟಿದರೆ ಜುಂ ಅನ್ನುವುದು, ಸುಟ್ಟ ವಾರ್ನಿಷ್ ವಾಸನೆ, ಮೋಟರಿಗೆ ನೀರು ಇಳಿದಿರುವುದು. ಇವು ಮೂರರಲ್ಲಿ ಒಂದಾದರೂ ಇದ್ದರೆ ಪರೀಕ್ಷೆ ಮಾಡುವ ಕೆಲಸ ಅಲ್ಲಿಗೆ ನಿಲ್ಲಿಸಿ. ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ಪ್ಲಗ್ ಕೀಳಿ, ಮೋಟರ್ ರಿವೈಂಡಿಂಗ್ ಅಂಗಡಿಗೆ ಕೊಂಡೊಯ್ಯಿರಿ. ಮಿಕ್ಸಿ, ಗ್ರೈಂಡರ್ ಮೋಟರ್ ಸುತ್ತುವವರಿಗೆ ಇದು ಹೊಸದೇನಲ್ಲ. ನನ್ನದು ನೊರೆ ಇಳಿದು ಕೆಟ್ಟಾಗ ಅಂಗಡಿಯ ಅಜ್ಜ ಮೂಸಿ ನೋಡಿ, "ಏನ್ ಸ್ವಾಮಿ, ಮೋಟರಿಗೂ ಸೋಪ್ ಹಾಕಿ ಸ್ನಾನ ಮಾಡ್ಸಿದ್ದೀರಾ?" ಅಂದರು. ಬಿಸಿಲಲ್ಲಿ ಎರಡು ದಿನ ಒಣಗಿಸಿ, ಬೇರಿಂಗ್ ಬದಲಿಸಿ ಕೊಟ್ಟರು. ಸುತ್ತುವ ಅಗತ್ಯ ಬರಲಿಲ್ಲ.

ಅಂಗಡಿಗೆ ಹೋಗುವಾಗ ಹಿಂದಿನ ತಗಡಿನ ಫೋಟೋ ತೆಗೆದಿಟ್ಟುಕೊಳ್ಳಿ, ಅದರ ಅಕ್ಷರ ಬೇಗ ಅಳಿಸುತ್ತದೆ. ತೂಕದ ಬಿಲ್ಲೆ ಯಾವ ದಿಕ್ಕಿಗೆ ಕೂತಿತ್ತು ಅಂತ ಮಾರ್ಕರ್‌ನಲ್ಲಿ ಗೀಟು ಹಾಕಿ. ಬೌಲ್ ಖಾಲಿ ಮಾಡುವಾಗ ಆ ಕಪ್ಪು ನೀರನ್ನು ಗಿಡಕ್ಕೋ ಚರಂಡಿಗೋ ಚೆಲ್ಲಬೇಡಿ. ಬಕೆಟ್ಟಿನಲ್ಲಿ ಎರಡು ದಿನ ಬಿಟ್ಟರೆ ಕೆಸರು ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮುಂದಿನ ಸಲದ ಮೊದಲ ತೊಳೆತಕ್ಕೆ ಬಳಸಿ. ಕೆಸರನ್ನು ಮುಚ್ಚಳವಿರುವ ಹಳೇ ಪೇಂಟ್ ಡಬ್ಬಿಗೆ ಹಾಕಿ, ಮೇಲೆ ವಿಷ ಅಂತ ಬರೆದಿಟ್ಟು, ಅಪಾಯಕಾರಿ ಕಸ ತೆಗೆದುಕೊಳ್ಳುವ ಕಡೆ ಕೊಡಿ. ಹಿತ್ತಾಳೆ ನಟ್ಟು ಮಾತ್ರ ಆ ಕೆಸರಿನ ಜೊತೆ ಹೋಗದ ಹಾಗೆ ನೋಡಿಕೊಳ್ಳಿ. ನನ್ನ ಮೊದಲನೆಯದು ಹಾಗೇ ಹೋಯಿತು.